ಗಿಳಿಯ ಮಾತು

ಅರ್ಥವನ್ನು ತಿಳಿಯದೆ ಪಾಠವನ್ನು ಒಪ್ಪಿಸುವ ವಿದ್ಯಾರ್ಥಿಯನ್ನು ಕಂಡಾಗ ಉಪಾಧ್ಯಾಯರು 'ಇದು ಬರಿಯ ಗಿಳಿಪಾಠ' ಎಂದು ಹೇಳುವುದುಂಟು. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಕನ್ನಡವನ್ನು ಕಲಿಸಿದ ನಾನೂ ಈ ಮಾತನ್ನು ಎಷ್ಟೋ ಸಲ ಆಡಿದ್ದೇನೆ. ಆದರೆ ಹಾಗೆ ಆಡಿದಾಗಲೆಲ್ಲ ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕು ಇದ್ದೇ ಇರುತ್ತಿತ್ತು. ಏಕೆಂದರೆ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಒಂದು ಗಿಳಿ ಇತ್ತು. ಅದಕ್ಕೆ ನಮ್ಮ ಮಾತನ್ನು ಕಲಿಸಲು ನಾನು ಪಟ್ಟ ಶ್ರಮದಲ್ಲಿ ಹತ್ತರಲ್ಲಿ ಒಂದು ಪಾಲನ್ನಾದರೂ ಅದರ ಮಾತನ್ನು ತಿಳಿಯುವುದಕ್ಕಾಗಿ ಪಡಲಿಲ್ಲ. ಗಿಳಿಗೆ ತನ್ನದೇ ಆದ ಮಾತು ಉಂಟು. ಅದು ಕೊರಳಿನಿಂದ ಮಾತ್ರವಲ್ಲದೆ ಕಣ್ಣು, ಕೊಕ್ಕು, ಗರಿ, ಬಾಲಗಳಿಂದಲೂ ಮಾತನಾಡುತ್ತದೆ. ಇದು ನನಗೆ ಅರ್ಥವಾದದ್ದು ಬಹಳ ತಡವಾಗಿ. ನಿಮಗೆ ಹಾಗಾಗದಿರಲೆಂದು ಆ ಗಿಳಿಯ ಕಥೆಯನ್ನೂ ಅದರಿಂದ ಕಲಿತ ಕೆಲವು ಸಂಗತಿಗಳನ್ನೂ ಇಲ್ಲಿ ಹೇಳುತ್ತೇನೆ.

ನನ್ನ ಊರು ನಿಂಬರ್ಗಾ. ಅದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿಗೆ ಸೇರಿದ ಗ್ರಾಮ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಈ ಸೀಮೆ ಎರೆಮಣ್ಣಿನ ಸೀಮೆ. ತೊಗರಿಗೂ ಬಿಳಿಜೋಳಕ್ಕೂ ಹೆಸರಾದದ್ದು. ಹಿಂಗಾರಿ ಜೋಳದ ತೆನೆಗಳಲ್ಲಿ ಹಾಲು ತುಂಬಿ, ಜನರು ಸೀತನಿಯನ್ನು ಸುಟ್ಟು ತಿನ್ನುವ ದಿನಗಳು ಬಂದವೆಂದರೆ ಗಿಳಿಗಳ ಹಿಂಡುಗಳೂ ಹೊಲಗಳಿಗೆ ಇಳಿಯುತ್ತವೆ. ಅವು ಒಂದು ತೆನೆಯನ್ನು ಪೂರ್ತಿಯಾಗಿ ತಿನ್ನುವುದಿಲ್ಲ. ಅರ್ಧ ತಿಂದು, ಅರ್ಧ ಚೆಲ್ಲಿ, ಮುಂದಿನ ತೆನೆಗೆ ಹಾರುತ್ತವೆ. ಆದುದರಿಂದ ಮಂಚಿಗೆಯ ಮೇಲೆ ನಿಂತು ಕವಣೆ ಬೀಸುವ ರೈತನ ಕೋಪಕ್ಕೆ ಕಾರಣವಿಲ್ಲವೆಂದು ಹೇಳಲಾಗದು. ವಿಚಿತ್ರವೆಂದರೆ, ಹೊಲದಲ್ಲಿ ಕಳ್ಳನೆನಿಸಿದ ಹಕ್ಕಿಯೇ ಮನೆಯ ಪಡಸಾಲೆಯಲ್ಲಿ ಮುದ್ದಿನ ಕೂಸಾಗುತ್ತಿತ್ತು!

ಗಿಳಿಯ ಮೇಲಣ ಈ ಮೋಹ ಇಂದು ನಿನ್ನೆಯದಲ್ಲ. ಪರ್ಷಿಯಾದ ಅರಸನ ಆಸ್ಥಾನದಲ್ಲಿ ವೈದ್ಯನಾಗಿದ್ದ ಕ್ಟೀಸಿಯಸ್ ಎಂಬ ಗ್ರೀಕನು ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆಯೇ ಭಾರತದ ಬಗೆಗೆ ಬರೆಯುತ್ತ, ಅಲ್ಲಿ ಮನುಷ್ಯರಂತೆ ಮಾತನಾಡುವ ಹಕ್ಕಿಯೊಂದು ಉಂಟೆಂದು ಬೆರಗಿನಿಂದ ಹೇಳಿದ್ದಾನೆ. ಬಾಣಭಟ್ಟನ 'ಕಾದಂಬರಿ'ಯಲ್ಲಿ ಕಥೆಯನ್ನು ಹೇಳುವುದೂ ವೈಶಂಪಾಯನನೆಂಬ ಗಿಳಿಯೇ. ನಾಗವರ್ಮನು ಆ ಕೃತಿಯನ್ನು ಕನ್ನಡಕ್ಕೆ ತಂದನು. ಆ ಗಿಳಿ ಅರಸನ ಮುಂದೆ ಮೊದಲಿಗೆ ಹೇಳಿಕೊಳ್ಳುವುದು ಯಾವ ಶಾಸ್ತ್ರವನ್ನೂ ಅಲ್ಲ, ತನ್ನ ದುಃಖವನ್ನು. ಮುದಿಬೇಡನೊಬ್ಬನು ಬೂರುಗದ ಮರವನ್ನು ಹತ್ತಿ, ಪೊಟರೆಗಳಿಗೆ ಕೈ ಹಾಕಿ, ಮರಿಗಳನ್ನೂ ತನ್ನ ತಂದೆಯನ್ನೂ ಕೊಂದದ್ದನ್ನು ಅದು ನೆನೆಯುತ್ತದೆ. ಈ ಪ್ರಸಂಗವನ್ನು ನೀವು ಮರೆಯಬೇಡಿ. ಕೊನೆಯಲ್ಲಿ ಮತ್ತೆ ನಮ್ಮ ಕೆಲಸಕ್ಕೆ ಬರುತ್ತದೆ.

ಪ್ರಪಂಚದಲ್ಲಿ ಸುಮಾರು 400 ಜಾತಿಯ ಗಿಳಿಗಳಿವೆ. ನಮ್ಮ ಬಯಲುಸೀಮೆಯಲ್ಲಿ ಹೆಚ್ಚಾಗಿ ಕಾಣುವುದು ಹಸಿರು ಮೈ, ಕೆಂಪು ಕೊಕ್ಕು, ನೀಳವಾದ ಬಾಲವುಳ್ಳ ಗಿಳಿ. ಕೊಕ್ಕಿನಿಂದ ಬಾಲದ ತುದಿಯವರೆಗೆ ಅದರ ಉದ್ದ ಸುಮಾರು 40 ಸೆಂಟಿಮೀಟರು. ಅದರಲ್ಲಿ ಅರ್ಧಕ್ಕೂ ಹೆಚ್ಚು ಬಾಲವೇ. ಬೆಳೆದ ಗಂಡಿನ ಕೊರಳಿನಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಪಟ್ಟಿಯೊಂದು ಇರುತ್ತದೆ. ಹೆಣ್ಣಿಗೂ ಮರಿಗಳಿಗೂ ಅದು ಇರುವುದಿಲ್ಲ. ಕಾಲಿನ ನಾಲ್ಕು ಬೆರಳುಗಳಲ್ಲಿ ಎರಡು ಮುಂದಕ್ಕೂ ಎರಡು ಹಿಂದಕ್ಕೂ ಇರುವುದರಿಂದ ಅದು ಕಾಳನ್ನು ಕೈಯಲ್ಲಿ ಹಿಡಿದಂತೆ ಹಿಡಿದು ತಿನ್ನಬಲ್ಲದು.

ಇಂಥ ಒಂದು ಗಿಳಿ 1970ರಲ್ಲಿ ನಮ್ಮ ಮನೆಗೆ ಬಂದಿತು. ನಾನಾಗ ಐದನೆಯ ತರಗತಿಯಲ್ಲಿದ್ದೆ. ನನ್ನ ಸೋದರಮಾವ ಜಾತ್ರೆಯೊಂದರಲ್ಲಿ ಅದನ್ನು ಕೊಂಡು, ಬಿದಿರಿನ ಬುಟ್ಟಿಯಲ್ಲಿ ಮುಚ್ಚಿಕೊಂಡು ತಂದಿದ್ದರು. ಗಿಳಿಗಳನ್ನು ಬಹಿರಂಗವಾಗಿ ಮಾರುತ್ತಿದ್ದ ಕಾಲವದು. ಹಾರಿಹೋಗದಿರಲೆಂದು ಮಾರಿದವನು ರೆಕ್ಕೆಯ ಗರಿಗಳನ್ನು ಕತ್ತರಿಸಿದ್ದನು. ನಾವು ಅದನ್ನು ತಂತಿಯ ಪಂಜರದಲ್ಲಿ ಬಿಟ್ಟು, ಪಡಸಾಲೆಯ ನಟ್ಟನಡುವೆ ತೂಗುಹಾಕಿದೆವು. ಓಣಿಯ ಮಕ್ಕಳೆಲ್ಲ ಸುತ್ತಲೂ ನೆರೆದು ಕೂಗಿದರು. ನಾನು ಒಡೆಯನ ಠೀವಿಯಿಂದ ಪಂಜರದ ಬಾಗಿಲನ್ನು ತೆರೆದು, ಅದರ ತಲೆಯನ್ನು ಸವರಲೆಂದು ಮೇಲಿನಿಂದ ಕೈ ಚಾಚಿದೆ. ಮರುಕ್ಷಣವೇ ನನ್ನ ತೋರುಬೆರಳಿನಿಂದ ನೆತ್ತರು ಸುರಿಯಿತು. ನಾನು ಚೀರಿ, ಸಿಟ್ಟಿನಿಂದ ಕೋಲನ್ನು ತಂದು ಪಂಜರವನ್ನು ಬಡಿದೆ. ಗಿಳಿ ತಂತಿಗೆ ಅಪ್ಪಳಿಸುತ್ತ ರೆಕ್ಕೆ ಬಡಿಯಿತು.

ಆಗ ಒಳಗಿನಿಂದ ನಮ್ಮ ಆಯಿ ಬಂದರು. ನಮ್ಮ ಕಡೆ ಅಜ್ಜಿಯನ್ನು ಆಯಿ ಎಂದು ಕರೆಯುವುದು ರೂಢಿ. ಅವರು ನನ್ನ ಕೈಯಿಂದ ಕೋಲನ್ನು ಕಸಿದುಕೊಂಡು, "ಅದಕ್ಕ ಸಿಟ್ಟ ಬಂದಿಲ್ಲ ತಮ್ಮಾ, ಅಂಜಿಕಿ ಆಗ್ಯಾದ. ಅದು ಕರಿಯಲಾರದೆ ಅದರ ಮನಿಯಾಗ ನೀ ಕೈ ಹಾಕೀದಿ" ಎಂದರು.

ಅಕ್ಷರವನ್ನು ಅರಿಯದ ಆ ಮುದುಕಿಯ ಮಾತಿನಲ್ಲಿ ಹಕ್ಕಿಯ ನಡತೆಯನ್ನು ಕುರಿತ ಮೊದಲ ಪಾಠವೇ ಅಡಗಿತ್ತು. ಗಿಳಿಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುತ್ತವೆ. ಸುತ್ತಲಿನ ಬಹುಭಾಗವನ್ನು ಅದು ತಲೆಯನ್ನು ಹೊರಳಿಸದೆಯೇ ನೋಡಬಲ್ಲದು. ಇದು ಇತರ ಪ್ರಾಣಿಗಳಿಗೆ ಆಹಾರವಾಗುವ ಜೀವಿಗಳಿಗೆ ಪ್ರಕೃತಿ ಕೊಟ್ಟಿರುವ ರಕ್ಷಣೆ. ಗಿಡುಗವು ಮೇಲಿನಿಂದಲೇ ಎರಗುತ್ತದೆ. ಹೀಗಿರುವಾಗ ಮೇಲಿನಿಂದ ಬರುವ ಕೈಯನ್ನು ಹೊಸ ಗಿಳಿಯು ಮುದ್ದಿಸುವ ಕೈಯೆಂದು ತಿಳಿಯುವುದಾದರೂ ಹೇಗೆ? ಹೆದರಿದ ಹಕ್ಕಿಗೆ ಇರುವ ಮೊದಲ ಉಪಾಯ ಹಾರಿಹೋಗುವುದು. ಪಂಜರವೂ ಕತ್ತರಿಸಿದ ರೆಕ್ಕೆಯೂ ಆ ದಾರಿಯನ್ನು ಮುಚ್ಚಿದಾಗ ಉಳಿಯುವುದು ಕೊಕ್ಕು ಒಂದೇ. ನಾವು ಯಾವುದನ್ನು ಸೊಕ್ಕು ಎಂದು ಕರೆಯುತ್ತೇವೆಯೋ ಅದು ಬಹುಮಟ್ಟಿಗೆ ಭಯವೇ ಆಗಿರುತ್ತದೆ.

ಆಯಿ ಅಂದೇ ಪಂಜರವನ್ನು ನಡುಮನೆಯಿಂದ ತೆಗೆಸಿ, ಒಂದು ಮಗ್ಗುಲು ಗೋಡೆಗೆ ತಾಗುವಂತೆ ಮೂಲೆಯಲ್ಲಿ ಇರಿಸಿದರು. ಬೆನ್ನ ಹಿಂದೆ ಗೋಡೆಯಿದ್ದರೆ ಹಕ್ಕಿಗೆ ಆ ಕಡೆಯಿಂದ ಅಪಾಯ ಬಾರದೆಂಬ ಧೈರ್ಯವಿರುತ್ತದೆ. ಮೂರು ದಿನ ಯಾರೂ ಅದರ ಹತ್ತಿರ ಸುಳಿಯಕೂಡದೆಂದು ಅವರು ಕಟ್ಟಪ್ಪಣೆ ಮಾಡಿದರು. ಕತ್ತಲಾದೊಡನೆ ಪಂಜರಕ್ಕೆ ಗಾಳಿಯಾಡುವ ತೆಳುಬಟ್ಟೆಯನ್ನು ಹೊದಿಸುತ್ತಿದ್ದರು. ಗಿಳಿಗೆ ಹತ್ತರಿಂದ ಹನ್ನೆರಡು ಗಂಟೆಗಳ ನೆಮ್ಮದಿಯ ನಿದ್ದೆ ಬೇಕೆಂಬುದನ್ನು ನಾನು ಪುಸ್ತಕಗಳಲ್ಲಿ ಓದಿದ್ದು ಬಹಳ ವರ್ಷಗಳ ಅನಂತರ.

ನಾಲ್ಕನೆಯ ದಿನದಿಂದ ಅವರು ಪಂಜರಕ್ಕೆ ನಾಲ್ಕು ಮಾರು ದೂರದಲ್ಲಿ ಮೊರವನ್ನಿಟ್ಟುಕೊಂಡು ಜೋಳ ಹಸನು ಮಾಡಲು ಕುಳಿತರು. ಗಿಳಿಯ ಕಡೆಗೆ ನೋಡುತ್ತಿರಲಿಲ್ಲ; ತಮ್ಮ ಪಾಡಿಗೆ ತಾವು ಮೆಲುದನಿಯಲ್ಲಿ ಏನನ್ನೋ ಹೇಳಿಕೊಳ್ಳುತ್ತಿದ್ದರು. ದಿಟ್ಟಿಸಿ ನೋಡುವುದು ಬೇಟೆಯಾಡುವ ಪ್ರಾಣಿಯ ಲಕ್ಷಣ. ನೋಡದೆ ಹತ್ತಿರವಿರುವುದು ಹಿಂಡಿನ ಒಡನಾಡಿಯ ಲಕ್ಷಣ. ದಿನದಿನಕ್ಕೆ ಮೊರವು ಪಂಜರದತ್ತ ಗೇಣು ಗೇಣಾಗಿ ಸರಿಯಿತು. ಹಕ್ಕಿ ಗಾಬರಿಗೊಂಡರೆ ಅವರು ಮತ್ತೆ ಹಿಂದಕ್ಕೆ ಸರಿದು ಕೂರುವರು. ಎರಡು ವಾರಗಳಾದ ಮೇಲೆ ತಂತಿಯ ಸಂದಿನಿಂದ ಒಂದು ಕಾಳನ್ನು ಒಡ್ಡಿದರು. ಗಿಳಿ ಕತ್ತು ಚಾಚಿ ಅದನ್ನು ಕಸಿದುಕೊಂಡು ಓಡಿಹೋಯಿತು. ಮರುದಿನ ಕಸಿದುಕೊಳ್ಳಲಿಲ್ಲ, ಮೆಲ್ಲಗೆ ತೆಗೆದುಕೊಂಡಿತು. ತಿಂಗಳು ಕಳೆಯುವಷ್ಟರಲ್ಲಿ, ಹೊಟ್ಟೆಯ ಕೆಳಗೆ, ಕಾಲುಗಳ ಮುಂದೆ ಕೋಲಿನಂತೆ ಸ್ಥಿರವಾಗಿ ಹಿಡಿದ ಅವರ ಬೆರಳಿನ ಮೇಲೆ ಅದು ತಾನಾಗಿಯೇ ಹತ್ತಿ ಕುಳಿತಿತು. ಹತ್ತುವ ಮುನ್ನ ಕೊಕ್ಕಿನಿಂದ ಬೆರಳನ್ನು ಒತ್ತಿ ನೋಡಿತು. ಅದು ಕಚ್ಚುವ ಪ್ರಯತ್ನವಲ್ಲ. ಗಿಳಿಗೆ ಕೊಕ್ಕು ಮೂರನೆಯ ಕಾಲಿದ್ದಂತೆ. ಕೊಂಬೆ ತನ್ನ ಭಾರವನ್ನು ತಾಳುವುದೋ ಇಲ್ಲವೋ ಎಂದು ಮೊದಲು ಅದರಿಂದ ಪರೀಕ್ಷಿಸುತ್ತದೆ. ಇದನ್ನರಿಯದವನು ಆಗ ಕೈಯನ್ನು ಸರಕ್ಕನೆ ಹಿಂದೆಗೆದರೆ, ಆ ಕೈ ನಂಬಿಕೆಗೆ ತಕ್ಕದ್ದಲ್ಲವೆಂದು ಹಕ್ಕಿ ತೀರ್ಮಾನಿಸುತ್ತದೆ.

ಹೀಗೆ ನೋಡುತ್ತ ಹೋದರೆ ಗಿಳಿಯ ದೇಹವೆಲ್ಲ ಒಂದು ತೆರೆದ ಪುಸ್ತಕ. ಗರಿಗಳನ್ನು ಮೈಗೆ ಬಿಗಿಯಾಗಿ ಒತ್ತಿಕೊಂಡು, ಕತ್ತನ್ನು ನೀಳವಾಗಿಸಿ ನಿಂತರೆ ಅದು ಬೆದರಿದೆಯೆಂದು ಅರ್ಥ. ಒಂದು ಕಾಲನ್ನು ಮೇಲಕ್ಕೆ ಮಡಿಸಿ, ಗರಿಗಳನ್ನು ಸಡಿಲಿಸಿ ಕುಳಿತರೆ ಅದು ನೆಮ್ಮದಿಯಿಂದಿದೆ. ನಿದ್ದೆಗೆ ಮುಂಚೆ ಕೊಕ್ಕನ್ನು ಮಸೆಯುವ ಸಣ್ಣ ಸದ್ದು ಕೇಳಿಸಿದರೆ ಅದೂ ತೃಪ್ತಿಯ ಗುರುತು. ಕಣ್ಣಿನ ಪಾಪೆ ಕ್ಷಣಕ್ಷಣಕ್ಕೂ ಕಿರಿದಾಗಿ ಹಿರಿದಾಗುತ್ತಿದ್ದರೆ ಹಕ್ಕಿ ಉದ್ರೇಕಗೊಂಡಿದೆ. ಜೊತೆಗೆ ಬಾಲವನ್ನು ಬೀಸಣಿಗೆಯಂತೆ ಅಗಲಿಸಿದ್ದರೆ ಹತ್ತಿರ ಹೋಗದಿರುವುದು ಲೇಸು. ಒಡನಾಡಿಯ ಮುಂದೆ ತಿಂದ ಕಾಳನ್ನು ಕಕ್ಕಿ ಕೊಡಲು ಬಂದರೆ ಅಸಹ್ಯಪಡಬಾರದು. ಗಿಳಿಗಳು ತಮ್ಮ ಜೊತೆಗಾರರಿಗೂ ಮರಿಗಳಿಗೂ ಹಾಗೆಯೇ ಉಣಿಸುತ್ತವೆ. ಅದು ಪ್ರೀತಿಯ ಸಂಕೇತ. ಆದರೆ ಹಗಲೆಲ್ಲ ಗರಿ ಕೆದರಿಕೊಂಡು, ಕಣ್ಣು ಅರೆಮುಚ್ಚಿ, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುವಂತೆ ಕುಳಿತಿದ್ದರೆ ಒಂದು ದಿನವೂ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಹಿಂಡಿನಲ್ಲಿ ದುರ್ಬಲವಾದ ಹಕ್ಕಿಯನ್ನೇ ಶತ್ರು ಹುಡುಕುವುದರಿಂದ ಗಿಳಿಯು ರೋಗವನ್ನು ಕಡೆಯವರೆಗೂ ಮರೆಮಾಚುತ್ತದೆ. ಅದು ಸೋತು ಕುಳಿತದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ರೋಗವು ಬಲಿತಿರುತ್ತದೆ.

ಕಚ್ಚಿದಾಗ ಏನು ಮಾಡಬೇಕು? ಚೀರಬಾರದು, ಹೊಡೆಯಬಾರದು, ಊದಬಾರದು. ಚೀರಿದರೆ ಅದಕ್ಕೆ ಅದು ಒಂದು ವಿನೋದವಾಗಿ ಕಾಣಬಹುದು; ಹೊಡೆದರೆ ಭಯವು ಇಮ್ಮಡಿಯಾಗುತ್ತದೆ. ಹಕ್ಕಿಯನ್ನು ಮೆಲ್ಲನೆ ಕೆಳಗಿಳಿಸಿ, ಕೆಲವು ನಿಮಿಷ ಮುಖ ತಿರುಗಿಸಿ ಕುಳಿತರೆ ಸಾಕು. ಅನಂತರ 'ಅದು ಏಕೆ ಕಚ್ಚಿತು?' ಎಂದು ಯೋಚಿಸಬೇಕು. ನಿದ್ದೆಗೆಡಿಸಿದೆವೋ? ತಿನ್ನುವಾಗ ಕೈ ಹಾಕಿದೆವೋ? ಅದು ಬೇಡವೆಂದು ಹಿಂದೆ ಸರಿದದ್ದನ್ನು ಲೆಕ್ಕಿಸದೆ ಮುಂದುವರಿದೆವೋ? ಹತ್ತರಲ್ಲಿ ಒಂಬತ್ತು ಸಲ ತಪ್ಪು ನಮ್ಮ ಕಡೆಯೇ ಇರುತ್ತದೆ. ಗಿಳಿಯ ಕೊಕ್ಕು ನಮ್ಮ ಉಗುರಿನಂತೆ ಸದಾ ಬೆಳೆಯುವುದರಿಂದ ಅದಕ್ಕೆ ಕಡಿಯುವ ಕೆಲಸವೂ ಬೇಕು. ಬೇವಿನ ಹಸಿ ಟೊಂಗೆಯನ್ನು ಕೊಟ್ಟರೆ ಅದು ಬಾಗಿಲಿನ ಚೌಕಟ್ಟನ್ನು ಬಿಟ್ಟು ಟೊಂಗೆಯನ್ನು ಸೀಳುತ್ತ ಕೂರುತ್ತದೆ.

ಆಹಾರದ ವಿಷಯದಲ್ಲಿಯೂ ನಮ್ಮಲ್ಲಿ ತಪ್ಪು ಕಲ್ಪನೆಗಳಿವೆ. ಬರಿಯ ಕಾಳುಗಳಿಂದ ಗಿಳಿಗೆ ಪೂರ್ಣ ಪೋಷಣೆ ದೊರೆಯದು. ಮುಖ್ಯವಾಗಿ ಎ ಜೀವಸತ್ವ ಕೊರತೆಯಾಗುತ್ತದೆ. ಪೇರಲ, ಗಜ್ಜರಿ, ಸೊಪ್ಪುಗಳೂ ಬೇಕು. ಹಸಿಮೆಣಸಿನಕಾಯಿಯನ್ನು ಅದು ಸವಿದು ತಿನ್ನುವುದನ್ನು ಕಂಡು ನಾವು ಬೆರಗಾಗುತ್ತಿದ್ದೆವು. ಮೆಣಸಿನಕಾಯಿಯ ಖಾರದ ಅಂಶವು ಸಸ್ತನಿಗಳ ನರಗಳಲ್ಲಿ ಉರಿಯನ್ನು ಹುಟ್ಟಿಸುವಂತೆ ಹಕ್ಕಿಗಳ ನರಗಳಲ್ಲಿ ಹುಟ್ಟಿಸುವುದಿಲ್ಲವೆಂದು ಈಗ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಚಹಾ, ಉಪ್ಪು ಹಾಕಿದ ಅಡಿಗೆ, ಕರಿದ ತಿಂಡಿ, ಚಾಕೊಲೇಟುಗಳನ್ನು ಮಾತ್ರ ಎಂದೂ ಕೊಡಕೂಡದು. ಅಡಿಗೆಮನೆಯ ಹೊಗೆಯೂ ಒಳ್ಳೆಯದಲ್ಲ. ಅದರಲ್ಲಿಯೂ ಅಂಟು ಹಿಡಿಯದ ಲೇಪವಿರುವ ಕಾವಲಿ ಅತಿಯಾಗಿ ಕಾದಾಗ ಏಳುವ ಅನಿಲವು ಹಕ್ಕಿಗಳ ಪ್ರಾಣವನ್ನೇ ತೆಗೆಯಬಲ್ಲದು.

ಇನ್ನು ಕೂಗಿನ ವಿಷಯ. ನಮ್ಮ ಗಿಳಿ ಬೆಳಗಿನಲ್ಲಿಯೂ ಸಂಜೆಯಲ್ಲಿಯೂ ಮನೆ ಕಿತ್ತುಹೋಗುವಂತೆ ಕೂಗುತ್ತಿತ್ತು. ಸೂರ್ಯ ಮುಳುಗುವ ಹೊತ್ತಿಗೆ ಕಾಡುಗಿಳಿಗಳ ಹಿಂಡು ಹೊಲಗಳಿಂದ ಹೊರಟು, ನಮ್ಮ ಮಾಳಿಗೆಯ ಮೇಲಿನಿಂದಲೇ ಊರಾಚೆಯ ದೊಡ್ಡ ಮರಗಳಿಗೆ ಹಾರಿಹೋಗುತ್ತಿತ್ತು. ಆಗ ನಮ್ಮ ಗಿಳಿ ಪಂಜರದ ತಂತಿಗೆ ಜೋತುಬಿದ್ದು ಕೂಗುತ್ತಿತ್ತು. ನಾವು "ಸುಮ್ಮನಿರು" ಎಂದು ಗದರಿಸಿದಷ್ಟೂ ಕೂಗು ಹೆಚ್ಚುತ್ತಿತ್ತು. ಇದಕ್ಕೆ ಕಾರಣವಿದೆ. ಗಿಳಿಗಳು ನೂರಾರು ಸೇರಿ ಒಂದೇ ಕಡೆ ರಾತ್ರಿ ತಂಗುವ ಜೀವಿಗಳು. ಎಲೆಗಳ ನಡುವೆ ಒಂದಕ್ಕೊಂದು ಕಾಣದಿದ್ದಾಗ 'ನಾನು ಇಲ್ಲಿದ್ದೇನೆ, ನೀನು ಎಲ್ಲಿ?' ಎಂದು ಅವು ಕೂಗಿ ಕರೆಯುತ್ತವೆ; ಉತ್ತರ ಬರುವವರೆಗೆ ಕರೆಯುತ್ತಲೇ ಇರುತ್ತವೆ. ನಮ್ಮ ಗದರಿಕೆಯೂ ಅವುಗಳ ಕಿವಿಗೆ ಒಂದು ಉತ್ತರವೇ. ಗದರಿಸುವುದರ ಬದಲು ಮೆಲುವಾದ ಒಂದು ಸಿಳ್ಳಿನಿಂದಲೋ ಮಾತಿನಿಂದಲೋ ಓಗೊಟ್ಟರೆ ಹಕ್ಕಿ ಬೇಗ ಸಮಾಧಾನಗೊಳ್ಳುತ್ತದೆ. ವೆನೆಜುವೆಲಾ ದೇಶದ ಒಂದು ಜಾತಿಯ ಸಣ್ಣ ಗಿಳಿಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳು 2011ರಲ್ಲಿ ಒಂದು ಸ್ವಾರಸ್ಯವಾದ ವಿಷಯವನ್ನು ಪ್ರಕಟಿಸಿದರು. ಅಲ್ಲಿ ಪ್ರತಿಯೊಂದು ಗಿಳಿಗೂ ಹೆಸರಿನಂತೆ ಪ್ರತ್ಯೇಕವಾದ ಒಂದು ಕೂಗು ಇರುತ್ತದೆ. ಗೂಡಿನಲ್ಲಿರುವಾಗಲೇ ಮರಿಯು ತಂದೆತಾಯಿಗಳಿಂದ ಅದನ್ನು ಕಲಿಯುತ್ತದೆ. ಎಂದರೆ ನಾವು ಗಿಳಿಗೆ 'ರಾಮ' ಎಂದೋ 'ಗಂಗಾರಾಮ' ಎಂದೋ ಹೆಸರಿಡುವ ಮುಂಚೆಯೇ ಅದಕ್ಕೆ ತಂದೆತಾಯಿಗಳು ಇಟ್ಟ ಹೆಸರು ಇರಬಹುದು!

ಗಿಳಿ ನಮ್ಮ ಮಾತನ್ನು ಅನುಕರಿಸುವುದೂ ಇದೇ ಗುಣದಿಂದ. ಅದಕ್ಕೆ ನಮ್ಮಂತೆ ಗಂಟಲಿನಲ್ಲಿ ಧ್ವನಿತಂತುಗಳಿಲ್ಲ. ಉಸಿರ್ಗೊಳವೆಯ ಬುಡದಲ್ಲಿರುವ ಬೇರೊಂದು ಅಂಗದಿಂದ ದನಿಯನ್ನು ಹೊರಡಿಸಿ, ದಪ್ಪ ನಾಲಗೆಯಿಂದ ತಿದ್ದುತ್ತದೆ. ಹಿಂಡಿನಲ್ಲಿ ಬದುಕುವವನು ಹಿಂಡಿನ ಕೂಗನ್ನು ಕಲಿಯಬೇಕು. ಪಂಜರದ ಗಿಳಿಗೆ ಇರುವ ಹಿಂಡು ನಾವೇ. ಆದುದರಿಂದ ಅದು ನಮ್ಮ ಕೂಗನ್ನು ಕಲಿಯುತ್ತದೆ. ಅದು ಯಾವಾಗಲೂ ಅರ್ಥವರಿಯದ ಕಲಿಕೆಯೆಂದೂ ಹೇಳುವಂತಿಲ್ಲ. ಅಮೆರಿಕದ ಐರೀನ್ ಪೆಪ್ಪರ್‌ಬರ್ಗ್ ಎಂಬ ವಿದುಷಿಯು 1977ರಲ್ಲಿ ಆಫ್ರಿಕದ ಬೂದುಬಣ್ಣದ ಗಿಳಿಯೊಂದನ್ನು ಅಂಗಡಿಯಿಂದ ಕೊಂಡು, ಅದಕ್ಕೆ ಅಲೆಕ್ಸ್ ಎಂದು ಹೆಸರಿಟ್ಟು ಕಲಿಸತೊಡಗಿದರು. ಒಂದೇ ಪದವನ್ನು ನೂರು ಸಲ ಹೇಳಿಸುವ ಕ್ರಮವನ್ನು ಅವರು ಅನುಸರಿಸಲಿಲ್ಲ. ಗಿಳಿಯ ಎದುರಿಗೆ ಇಬ್ಬರು ಒಂದು ವಸ್ತುವನ್ನು ಹಿಡಿದು, ಅದನ್ನು ಕುರಿತು ಪ್ರಶ್ನೋತ್ತರ ಮಾಡುತ್ತಿದ್ದರು; ಸರಿಯಾಗಿ ಹೆಸರಿಸಿದರೆ ಆ ವಸ್ತುವೇ ಬಹುಮಾನ. ಅಲೆಕ್ಸ್ 2007ರಲ್ಲಿ ಸಾಯುವ ಹೊತ್ತಿಗೆ ಬಣ್ಣಗಳನ್ನೂ ಆಕಾರಗಳನ್ನೂ ಗುರುತಿಸಿ ಹೇಳಬಲ್ಲದಾಗಿತ್ತು, ಆರರವರೆಗೆ ಎಣಿಸಬಲ್ಲದಾಗಿತ್ತು. ಇದನ್ನು ಓದಿದ ಮೇಲೆ 'ಗಿಳಿಪಾಠ' ಎಂಬ ಮಾತನ್ನು ತರಗತಿಯಲ್ಲಿ ಆಡುವುದನ್ನು ನಾನು ಬಿಟ್ಟೆ. ಅರ್ಥವಿಲ್ಲದೆ ಉರುಹೊಡೆಸುವ ತಪ್ಪು ಗಿಳಿಯದಲ್ಲ, ಕಲಿಸುವವರದು.

ನಮ್ಮ ಗಿಳಿ ಕಲಿತದ್ದು ಒಂದೇ ಪದ. ನಾನು ತಿಂಗಳುಗಟ್ಟಲೆ ಹೇಳಿಕೊಟ್ಟ ಯಾವ ಮಾತನ್ನೂ ಅದು ಆಡಲಿಲ್ಲ. ಆಯಿ ದಿನಕ್ಕೆ ಹತ್ತು ಸಲ ನನ್ನನ್ನು ಕರೆಯುತ್ತಿದ್ದ "ತಮ್ಮಾ" ಎಂಬ ಪದವನ್ನು ತಾನಾಗಿಯೇ ಹಿಡಿದುಕೊಂಡಿತು. ನಾನು ಶಾಲೆಯಿಂದ ಬರುವ ಹೊತ್ತಿಗೆ "ತಮ್ಮಾ" ಎನ್ನುತ್ತಿತ್ತು. ನಾನು "ಓ" ಎನ್ನುತ್ತಿದ್ದೆ. ಅದಕ್ಕೆ ಬೇಕಾಗಿದ್ದುದು ಅಷ್ಟೇ.

ನಾಲ್ಕು ವರ್ಷಗಳು ಕಳೆದವು. 1974ರಲ್ಲಿ ನಾನು ಮುಂದಿನ ಓದಿಗಾಗಿ ಗುಲಬರ್ಗಾಕ್ಕೆ ಹೊರಟೆ. ಕಲಬುರಗಿಗೆ ಆಗ ಅದೇ ಹೆಸರು. ಆ ವರ್ಷವೇ ಆಯಿ ಕಾಯಿಲೆಯಿಂದ ಹಾಸಿಗೆ ಹಿಡಿದರು. ಮನೆಯವರು ಗಿಳಿಗೆ ಕಾಳು ನೀರುಗಳನ್ನು ತಪ್ಪದೆ ಇಡುತ್ತಿದ್ದರು; ಅದರೊಡನೆ ಕೂರಲು ಮಾತ್ರ ಯಾರಿಗೂ ಬಿಡುವಿರಲಿಲ್ಲ. ದೀಪಾವಳಿಗೆ ಊರಿಗೆ ಬಂದಾಗ ನೋಡುತ್ತೇನೆ, ಗಿಳಿಯ ಎದೆಯ ಮೇಲೆ ಗರಿಗಳೇ ಇಲ್ಲ. ಪಂಜರದ ತಳದಲ್ಲಿ ಹಸಿರು ಗರಿಗಳು ಬಿದ್ದಿದ್ದವು. ಹುಳುಕಡ್ಡಿಯೆಂದು ಭಾವಿಸಿ ಅರಿಸಿನವನ್ನೂ ಬೇವಿನೆಣ್ಣೆಯನ್ನೂ ಹಚ್ಚಿದ್ದರು. ದನಗಳನ್ನು ನೋಡಲು ಬಂದಿದ್ದ ಪಶುವೈದ್ಯರೊಬ್ಬರು ಅದನ್ನು ಪರೀಕ್ಷಿಸಿ, "ಇದಕ್ಕೆ ಚರ್ಮರೋಗವಿಲ್ಲ. ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತಿದೆ. ಇದಕ್ಕೆ ಬೇಸರ, ಒಂಟಿತನ" ಎಂದರು. ಕೊಕ್ಕು ತಲುಪಲಾರದ ತಲೆಯ ಮೇಲೆ ಮಾತ್ರ ಗರಿಗಳು ಮೊದಲಿನಂತೆಯೇ ಇದ್ದುದು ಅವರ ಮಾತಿಗೆ ಸಾಕ್ಷಿಯಾಗಿತ್ತು. ರಜೆ ಮುಗಿದ ಮೇಲೆ ನಾನು ಹಿಂದಿರುಗಲೇಬೇಕಾಯಿತು. ಸಂಕ್ರಾಂತಿಗೆ ಬಂದಾಗ ಪಂಜರ ಬರಿದಾಗಿತ್ತು. "ದಿನಾ ಸಂಜೀಕ ನಿನ್ನ ಹೆಸರ ಹಿಡದು ಒದರತಿತ್ತು ತಮ್ಮಾ. 'ಓ' ಅನ್ನಾಕ ನೀ ಇರಲಿಲ್ಲ" ಎಂದು ಆಯಿ ಮಲಗಿದಲ್ಲಿಂದಲೇ ಹೇಳಿದರು. ಸರಿಯಾಗಿ ಬದುಕಿದರೆ ಗಿಳಿಗೆ ಇಪ್ಪತ್ತು ವರ್ಷಗಳಿಗೂ ಮೀರಿದ ಆಯುಸ್ಸು ಇರುತ್ತದೆಂದು ನಾನು ಅನಂತರ ಓದಿದೆ. ನಮ್ಮ ಗಿಳಿ ಬಾಳಿದ್ದು ಅದರ ಕಾಲುಭಾಗವನ್ನು ಮಾತ್ರ.

ನಮ್ಮ ಮನೆಗೆ ಗಿಳಿ ಬಂದ ಎರಡು ವರ್ಷಗಳ ತರುವಾಯ, 1972ರಲ್ಲಿ, ಭಾರತದ ಸಂಸತ್ತು ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತ್ತು. 1991ರ ತಿದ್ದುಪಡಿಯು ನಮ್ಮ ದೇಶದ ಕಾಡುಹಕ್ಕಿಗಳ ವ್ಯಾಪಾರಕ್ಕೆ ಕಟ್ಟುನಿಟ್ಟಾದ ತಡೆಯನ್ನು ಒಡ್ಡಿತು. ಇಂದು ನಮ್ಮ ನಾಡಿನ ಯಾವ ಗಿಳಿಯನ್ನೇ ಆಗಲಿ ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿ ಸಾಕುವುದು ಶಿಕ್ಷಾರ್ಹವಾದ ಅಪರಾಧ. ಇದನ್ನು ಎಷ್ಟೋ ಜನ ಅರಿಯರು. ಅರಿತವರೂ 'ಒಂದು ಗಿಳಿಯಿಂದ ಏನಾದೀತು?' ಎನ್ನುತ್ತಾರೆ. ಆದರೆ ಮಾರುಕಟ್ಟೆಗೆ ಬರುವ ಗಿಳಿಮರಿ ಮರದ ಪೊಟರೆಯಿಂದ ಕಿತ್ತು ತಂದದ್ದು. ಇಕ್ಕಟ್ಟಾದ ಬುಟ್ಟಿಗಳಲ್ಲಿ ದಾರಿಯಲ್ಲಿಯೇ ಸಾಯುವ ಮರಿಗಳನ್ನು ಕೊಳ್ಳುವವನು ಕಾಣುವುದಿಲ್ಲ. ವೈಶಂಪಾಯನನ ಕಥೆಯ ಮುದಿಬೇಡ ಇನ್ನೂ ಸತ್ತಿಲ್ಲ. ಒಂದು ಗಿಳಿಯನ್ನು ಕೊಂಡವನು ಅವನನ್ನು ಮತ್ತೊಂದು ಮರವನ್ನು ಹತ್ತಲು ಕಳುಹಿಸಿದಂತೆಯೇ.

ಹಾಗಾದರೆ ಗಿಳಿಯ ನಡತೆಯನ್ನು ತಿಳಿದು ಪ್ರಯೋಜನವೇನು ಎಂದು ನೀವು ಕೇಳಬಹುದು. 'ಲವ್ ಬರ್ಡ್ಸ್' ಎಂದು ನಮ್ಮ ಅಂಗಡಿಗಳಲ್ಲಿ ಮಾರುವ ಪುಟ್ಟ ಹಕ್ಕಿಗಳು ಬಹುಪಾಲು ಬಡ್ಜರಿಗಾರ್ ಜಾತಿಯವು. ಅವೂ ಗಿಳಿಗಳೇ, ಆಸ್ಟ್ರೇಲಿಯಾ ಖಂಡದ ಮೂಲದವು. ನೂರೈವತ್ತು ವರ್ಷಗಳಿಗೂ ಮಿಕ್ಕಿ ಪಂಜರಗಳಲ್ಲಿಯೇ ಮರಿಮಾಡಿ ಬೆಳೆದ ವಂಶಗಳಾದುದರಿಂದ ಅವುಗಳನ್ನು ಸಾಕಲು ಅಡ್ಡಿಯಿಲ್ಲ. ನಿಮ್ಮ ಮನೆಯಲ್ಲಿ ಅಂಥವು ಇದ್ದರೆ ಮೇಲೆ ಹೇಳಿದ ಮಾತುಗಳೆಲ್ಲ ಅವುಗಳಿಗೂ ಒಪ್ಪುತ್ತವೆ. ಒಂಟಿಯಾಗಿ ಇಡದಿರಿ, ರೆಕ್ಕೆ ಬಿಚ್ಚಿ ಹಾರುವಷ್ಟು ದೊಡ್ಡ ಪಂಜರವಿರಲಿ, ದಿನಕ್ಕೆ ಒಂದು ಗಂಟೆಯಾದರೂ ಹತ್ತಿರ ಕೂರುವ ವ್ಯವಧಾನ ನಿಮಗಿರಲಿ. ಆ ವ್ಯವಧಾನವಿಲ್ಲದಿದ್ದರೆ ಅವುಗಳನ್ನೂ ತರಬೇಡಿ.

ಎರಡನೆಯ ಪ್ರಯೋಜನವೂ ಒಂದುಂಟು. 2022ರ ಏಪ್ರಿಲ್ ತಿಂಗಳಿನಲ್ಲಿ ಒಂದು ಸಂಜೆ ಬಿರುಗಾಳಿ ಎದ್ದು, ನಮ್ಮ ಓಣಿಯ ಹಳೆಯ ಬೇವಿನ ಮರದ ದೊಡ್ಡ ಕೊಂಬೆಯೊಂದು ಮುರಿದುಬಿತ್ತು. ಮರುದಿನ ಬೆಳಿಗ್ಗೆ ನೆರೆಮನೆಯ ಹುಡುಗಿ ಓಡಿಬಂದು, "ಅಜ್ಜಾ, ಗಿಣಿ ಮರಿ ಬಿದ್ದದ" ಎಂದು ಕರೆದಳು. ಗರಿಗಳೆಲ್ಲ ಮೂಡಿ, ಇನ್ನೇನು ಹಾರಲಿದ್ದ ಮರಿ. ಅವಳು ಅದನ್ನು ಸಾಕಬೇಕೆಂದಿದ್ದಳು. ಬಟ್ಟೆಯಿಂದ ಮೃದುವಾಗಿ ಹಿಡಿದು ನೋಡಿದೆವು, ಗಾಯವಿರಲಿಲ್ಲ. ಅದರ ಬಾಯಿಗೆ ನೀರು ಹೊಯ್ಯಲು ಹೊರಟವರನ್ನು ತಡೆದೆ. ಹಾಗೆ ಹೊಯ್ದ ನೀರು ಶ್ವಾಸನಾಳಕ್ಕೆ ಇಳಿದು ಮರಿ ಸಾಯಬಹುದು. ಹಳೆಯ ಬುಟ್ಟಿಯಲ್ಲಿ ಒಣಹುಲ್ಲನ್ನು ಹಾಸಿ, ಮರಿಯನ್ನಿಟ್ಟು, ಅದೇ ಮರದ ಉಳಿದ ಕೊಂಬೆಗೆ ಬೆಕ್ಕಿಗೆ ಎಟುಕದಂತೆ ಕಟ್ಟಿಸಿ ದೂರ ಬಂದು ಕುಳಿತೆವು. ಗಾಯವಾಗಿದ್ದರೆ ಇಲ್ಲವೆ ತಂದೆತಾಯಿಗಳು ಬಾರದಿದ್ದರೆ ಅರಣ್ಯ ಇಲಾಖೆಗೆ ತಿಳಿಸುವುದೆಂದು ನಿಶ್ಚಯಿಸಿದ್ದೆವು.

ಮರಿ ಒಂದೇ ಸಮನೆ ಕೂಗುತ್ತಿತ್ತು. "ಯಾಕ ಒದರತದ ಅಜ್ಜಾ?" ಎಂದು ಹುಡುಗಿ ಕೇಳಿದಳು. "ನಾನು ಇಲ್ಲಿದ್ದೇನೆ, ನೀನು ಎಲ್ಲಿದ್ದೀ ಎಂದು ಕೇಳುತ್ತಿದೆ" ಎಂದೆ. ಸುಮಾರು ಒಂದು ತಾಸು ಕಳೆದಿರಬೇಕು. ಪಕ್ಕದ ಮರದಿಂದ ಅಂಥದೇ ಕೂಗು ಕೇಳಿಸಿತು. ತಾಯಿಗಿಳಿ ಬಂದು ಬುಟ್ಟಿಯ ಅಂಚಿನ ಮೇಲೆ ಕುಳಿತು ಮರಿಗೆ ಉಣಿಸಿತು. ಮೂರನೆಯ ದಿನ ಬುಟ್ಟಿ ಬರಿದಾಗಿತ್ತು. ನನ್ನ ಜೀವಮಾನದಲ್ಲಿ ನಾನು ಕಂಡ ಎರಡನೆಯ ಬರಿದಾದ ಗೂಡು ಅದು. ಮೊದಲನೆಯದನ್ನು ನೋಡಿದಾಗ ಅತ್ತಿದ್ದೆ. ಇದನ್ನು ನೋಡಿ ಆ ಹುಡುಗಿಯೂ ನಾನೂ ನಕ್ಕೆವು.

ಈಗಲೂ ಸಂಜೆಯ ಹೊತ್ತು ನಾನು ಮಾಳಿಗೆಯ ಮೇಲೆ ಕುಳಿತಿರುವಾಗ ಗಿಳಿಗಳ ಹಿಂಡು ಕೂಗುತ್ತ ತಲೆಯ ಮೇಲೆ ಹಾದುಹೋಗುತ್ತದೆ. ಕೆಲವೊಮ್ಮೆ ಆ ಹುಡುಗಿಯೂ ಬಂದು ಕೂರುತ್ತಾಳೆ. ಯಾವುದು ಹಿಂದುಳಿದಿದೆ, ಯಾವುದು ಅದನ್ನು ಕರೆಯುತ್ತಿದೆ ಎಂದು ಅವಳು ನನಗಿಂತ ಚುರುಕಾಗಿ ಗುರುತಿಸುತ್ತಾಳೆ. ಗಿಳಿಗೆ ಅವಳು ಒಂದು ಪದವನ್ನೂ ಕಲಿಸಿಲ್ಲ. ಗಿಳಿಯ ಮಾತನ್ನು ಮಾತ್ರ ಕಲಿಯುತ್ತಿದ್ದಾಳೆ.